ಗಾಲ್ಫ್ ಸ್ವಿಂಗ್ ವೇಗ ಮತ್ತು ಪ್ರತಿರೋಧ ಸಾಧನಗಳು

ಗಾಲ್ಫ್ ಆಟಗಾರರು ಕ್ಲಬ್ ಬೀಸುವ ವೇಗವನ್ನು ಹೆಚ್ಚಿಸಿಕೊಳ್ಳಲು ಅಭ್ಯಾಸದಲ್ಲಿ ಬಳಸುವ ಭಾರದ ಕ್ಲಬ್, ತೂಕದ ಬಳೆ, ರಬ್ಬರ್ ಪಟ್ಟಿ, ಗಾಳಿಯನ್ನು ತಡೆಯುವ ರೆಕ್ಕೆ ಮೊದಲಾದ ಉಪಕರಣಗಳಿಗೆ ಪ್ರತಿರೋಧ ಸಾಧನಗಳೆಂದು ಹೆಸರು. ದೂರದ ಹೊಡೆತಕ್ಕೆ ಬಳಸುವ ಡ್ರೈವರ್ ಎಂಬ ಕ್ಲಬ್‌ಗಿಂತ ಹಗುರವಾದ ಕೋಲುಗಳು ಪ್ರತಿರೋಧವನ್ನು ಕಡಿಮೆ ಮಾಡುತ್ತವೆಯಾದರೂ ಅಭ್ಯಾಸಕ್ರಮದಲ್ಲಿ ಇವುಗಳ ಜೋಡಿಯಾಗಿಯೇ ಬರುವುದರಿಂದ ಅವನ್ನೂ ಇದೇ ಗುಂಪಿಗೆ ಸೇರಿಸುವುದು ವಾಡಿಕೆ.

ವೇಗದ ಮಹತ್ವ

ಚೆಂಡು ಎಷ್ಟು ದೂರ ಹೋಗುತ್ತದೆ ಎಂಬುದು ಮುಖ್ಯವಾಗಿ ಅದು ಕ್ಲಬ್‌ನಿಂದ ಹೊರಡುವ ವೇಗ, ಏರುವ ಕೋನ ಮತ್ತು ತಿರುಗುವಿಕೆಯನ್ನು ಅವಲಂಬಿಸಿದೆ. ಡ್ರೈವರ್‌ನ ಮುಖದ ನಡುಭಾಗಕ್ಕೆ ಸರಿಯಾಗಿ ತಗುಲಿದ ಚೆಂಡು ಕ್ಲಬ್‌ಹೆಡ್‌ನ ಸುಮಾರು ಒಂದೂವರೆ ಪಟ್ಟು ವೇಗದಲ್ಲಿ ಚಿಮ್ಮುತ್ತದೆ. ಕ್ಲಬ್‌ಹೆಡ್ ವೇಗ ಗಂಟೆಗೆ ಒಂದು ಮೈಲಿ (1.6 ಕಿ.ಮೀ.) ಹೆಚ್ಚಿದರೆ ಹೊಡೆತಕ್ಕೆ ಸುಮಾರು 2ರಿಂದ 3 ಗಜ ದೂರ ಸೇರುತ್ತದೆಂಬುದು ತರಬೇತುದಾರರು ಬಳಸುವ ಲೆಕ್ಕ. ಅಮೆರಿಕದ ಪಿಜಿಎ ಟೂರ್ ಆಟಗಾರರ ಸರಾಸರಿ ವೇಗ ಗಂಟೆಗೆ 180 ಕಿ.ಮೀ. ದಾಟುತ್ತದೆ. ಹವ್ಯಾಸಿ ಪುರುಷರಲ್ಲಿ ಅದು ಸಾಮಾನ್ಯವಾಗಿ 150 ಕಿ.ಮೀ. ಆಸುಪಾಸಿನಲ್ಲಿರುತ್ತದೆ.

ಕ್ಲಬ್ ಮುಖದ ಪುಟಿತ, ಕ್ಲಬ್‌ನ ಉದ್ದ, ಚೆಂಡಿನ ವೇಗ ಎಲ್ಲಕ್ಕೂ ಆಟದ ನಿಯಮಗಳು ಮಿತಿ ಹಾಕಿವೆ. ಹೀಗಾಗಿ ಉಪಕರಣ ಬದಲಿಸಿ ದೂರ ಗಳಿಸುವ ಅವಕಾಶ ಕಿರಿದಾಗಿ, ಗಮನ ಆಟಗಾರರ ದೇಹದ ಕಡೆಗೆ ಹೊರಳಿದೆ.

ಕಾರ್ಯತತ್ತ್ವ

ಸ್ನಾಯು ಹೆಚ್ಚು ಬಲ ಹಾಕುವಾಗ ನಿಧಾನವಾಗಿಯೂ ಕಡಿಮೆ ಬಲ ಹಾಕುವಾಗ ಚುರುಕಾಗಿಯೂ ಸಂಕುಚಿಸುತ್ತದೆ. ಬಲ ಮತ್ತು ವೇಗದ ಈ ಸಂಬಂಧವನ್ನು ಬ್ರಿಟಿಷ್ ಶರೀರವಿಜ್ಞಾನಿ ಎ. ವಿ. ಹಿಲ್ 1938ರಲ್ಲಿ ಸಮೀಕರಣವಾಗಿ ನಿರೂಪಿಸಿದರು. ಭಾರದ ಕ್ಲಬ್ ಬೀಸುವುದು ಈ ಸಂಬಂಧವನ್ನು ತೋರುವ ರೇಖೆಯ ಬಲದ ತುದಿಯನ್ನು ಬೆಳೆಸುವ ಅಭ್ಯಾಸ, ಹಗುರ ಕೋಲು ಬೀಸುವುದು ವೇಗದ ತುದಿಯನ್ನು ಬೆಳೆಸುವ ಅಭ್ಯಾಸ.

ಇದಕ್ಕೆ ಸಮಯದ ಕಟ್ಟುಪಾಡೂ ಇದೆ. ಎತ್ತಿದ ಕ್ಲಬ್ ಕೆಳಗಿಳಿದು ಚೆಂಡಿಗೆ ತಾಗಲು ಹಿಡಿಯುವುದು ಸುಮಾರು ಕಾಲು ಸೆಕೆಂಡು. ಸ್ನಾಯು ತನ್ನ ಪೂರ್ಣ ಬಲಕ್ಕೆ ಏರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆದ್ದರಿಂದ ಇರುವ ಬಲ ಎಷ್ಟು ಬೇಗ ಹೊಮ್ಮುತ್ತದೆ ಎಂಬುದೇ ಇಲ್ಲಿ ನಿರ್ಣಾಯಕ. ಜಿಮ್‌ನಲ್ಲಿ ಭಾರೀ ತೂಕ ಎತ್ತಬಲ್ಲವರೆಲ್ಲ ವೇಗವಾಗಿ ಬೀಸಲಾರರು. ಸ್ವಿಂಗ್‌ನಲ್ಲಿ ಚಲನೆ ನೆಲವನ್ನು ಒತ್ತುವ ಕಾಲಿನಿಂದ ಹುಟ್ಟಿ ಸೊಂಟ, ಮುಂಡ, ತೋಳುಗಳ ಮೂಲಕ ಕ್ಲಬ್‌ಗೆ ದಾಟುತ್ತದೆ. ಈ ಸರಣಿಯ ಒಂದು ಕೊಂಡಿ ಮುಂಚೆ ಅಥವಾ ತಡವಾಗಿ ತಿರುಗಿದರೂ ಗಳಿಸಿದ ಬಲ ಕ್ಲಬ್‌ವರೆಗೆ ತಲುಪುವುದಿಲ್ಲ.

ಸಾಧನಗಳ ವಿಧಗಳು

ತೂಕದ ಸಾಧನಗಳು: ಭಾರದ ಅಭ್ಯಾಸ ಕ್ಲಬ್ ಮತ್ತು ಸಾಮಾನ್ಯ ಕ್ಲಬ್‌ಗೆ ತೊಡಿಸುವ ‘ಡೋನಟ್’ ಎಂಬ ತೂಕದ ಬಳೆ ಹಳೆಯ ಮಾದರಿಗಳು. ಬಳೆ ಬೇಸ್‌ಬಾಲ್‌ನಲ್ಲೂ ಬಳಕೆಯಲ್ಲಿದೆ. ತೂಕ ಎಷ್ಟು ಎಂಬುದರಷ್ಟೇ ಅದು ಎಲ್ಲಿ ಕುಳಿತಿದೆ ಎಂಬುದೂ ಮುಖ್ಯ. ತಿರುಗುವ ವಸ್ತುವಿನ ಜಡತ್ವ ಅಕ್ಷದಿಂದಿರುವ ದೂರದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಹಿಡಿಕೆಯ ಬಳಿ ಅಷ್ಟಾಗಿ ಅರಿವಿಗೇ ಬಾರದ 100 ಗ್ರಾಂ ತೂಕ ಕ್ಲಬ್‌ಹೆಡ್ ಬಳಿ ಬಲು ಭಾರವೆನಿಸುತ್ತದೆ. ಡ್ರೈವರ್‌ನ ಹೆಡ್ ತೂಗುವುದೇ ಸುಮಾರು 200 ಗ್ರಾಂ.

ಹಗುರ ಮತ್ತು ಭಾರದ ಕೋಲುಗಳ ಕಟ್ಟು: ಅಮೆರಿಕದ ಸೂಪರ್‌ಸ್ಪೀಡ್ ಗಾಲ್ಫ್ ಕಂಪನಿಯ ಕಟ್ಟಿನಲ್ಲಿ ಮೂರು ಕೋಲುಗಳಿದ್ದು, ಡ್ರೈವರ್‌ಗೆ ಹೋಲಿಸಿದರೆ ಒಂದು ಸುಮಾರು ಶೇ 20 ಹಗುರ, ಇನ್ನೊಂದು ಶೇ 10 ಹಗುರ, ಮೂರನೆಯದು ಶೇ 5 ಭಾರ. ಕೆನಡಾದ ಸೇಂಟ್ ಫ್ರಾನ್ಸಿಸ್ ಜೇವಿಯರ್ ವಿಶ್ವವಿದ್ಯಾಲಯದ ಜೈವಯಂತ್ರಶಾಸ್ತ್ರಜ್ಞ ಸಾಶೊ ಮೆಕೆಂಜಿ ಮತ್ತು ಗಾಲ್ಫ್ ಉಪಕರಣ ತಯಾರಿಸುವ ಪಿಂಗ್ ಕಂಪನಿಯ ಮಾರ್ಟಿ ಜರ್ಟ್‌ಸನ್ ರೂಪಿಸಿದ ‘ದಿ ಸ್ಟ್ಯಾಕ್’ನಲ್ಲಿ ಒಂದೇ ಕೋಲಿನ ತುದಿಗೆ ಬೇರೆಬೇರೆ ತೂಕದ ಬಿಲ್ಲೆಗಳನ್ನು ಜೋಡಿಸುತ್ತಾರೆ. ಯಾವ ದಿನ ಯಾವ ತೂಕ, ಎಷ್ಟು ಬೀಸು ಎಂಬುದನ್ನು ಮೊಬೈಲ್ ಆ್ಯಪ್ ಸೂಚಿಸುತ್ತದೆ.

ಗಾಳಿರೆಕ್ಕೆ: ಕೋಲಿನ ತುದಿಯಲ್ಲಿ ಅಗಲವಾದ ಪ್ಲಾಸ್ಟಿಕ್ ರೆಕ್ಕೆಗಳಿರುತ್ತವೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟು. ಮೆಲ್ಲಗೆ ಬೀಸಿದರೆ ಹಗುರ, ಜೋರಾಗಿ ಬೀಸಿದಷ್ಟೂ ಕಷ್ಟ ಎಂಬ ಗುಣದಿಂದಾಗಿ ಆರಂಭಿಕರಿಗೂ ಹೊಂದುತ್ತದೆ.

ರಬ್ಬರ್ ಪಟ್ಟಿ: ಒಂದು ತುದಿಯನ್ನು ಗೋಡೆಯ ಕೊಂಡಿಗೆ ಕಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಅಥವಾ ಸೊಂಟಕ್ಕೆ ಬಿಗಿದು ಮೈ ತಿರುಗಿಸುತ್ತಾರೆ. ಪಟ್ಟಿ ಎಳೆದಷ್ಟೂ ಬಿಗಿಯಾಗುವುದರಿಂದ ಚಲನೆಯ ಕೊನೆಯಲ್ಲಿ, ಅಂದರೆ ವೇಗ ಗರಿಷ್ಠವಾಗಬೇಕಾದ ಹಂತದಲ್ಲಿ, ದೇಹ ನಿಧಾನಿಸುತ್ತದೆ. ಈ ಕಾರಣಕ್ಕೆ ಪಟ್ಟಿಯನ್ನು ಸೊಂಟ, ಹೊಟ್ಟೆಯ ಸ್ನಾಯುಗಳ ಬಲವರ್ಧನೆಗೆ ಬಳಸುವುದು ಲೇಸು, ಪೂರ್ಣ ಸ್ವಿಂಗ್‌ಗೆ ಅದು ಅಷ್ಟಾಗಿ ಹೊಂದದು. ಮೆಡಿಸಿನ್ ಬಾಲನ್ನು ಮೈ ತಿರುಗಿಸಿ ಗೋಡೆಗೆ ಎಸೆಯುವ ಅಭ್ಯಾಸದಲ್ಲಿ ಚೆಂಡು ಕೈಬಿಟ್ಟು ಹೋಗುವ ಕಾರಣ ಈ ತೊಡಕಿಲ್ಲ.

ಅಭ್ಯಾಸಕ್ರಮ

ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಕನಿಷ್ಠ ಒಂದು ದಿನದ ಬಿಡುವು ಎಂಬುದು ಪ್ರಚಲಿತ ಕ್ರಮ. ಮೊದಲು ಕುಣಿದಾಡಿ, ಸೊಂಟ ಭುಜ ತಿರುಗಿಸಿ ಮೈ ಬಿಸಿ ಮಾಡಿಕೊಳ್ಳಬೇಕು. ಚೆಂಡಿಡದೆ, ಒಂದೊಂದು ಬೀಸನ್ನೂ ಶಕ್ತಿಮೀರಿ ಬೀಸಬೇಕು. ಬೀಸಿಗೂ ಬೀಸಿಗೂ ನಡುವೆ ಉಸಿರು ಹದಕ್ಕೆ ಬರುವಷ್ಟು ವಿರಾಮವಿರಲಿ. ಅವಸರದಲ್ಲಿ ಒಂದರ ಹಿಂದೊಂದು ಬೀಸಿದರೆ ಅದು ದಮ್ಮಿನ ವ್ಯಾಯಾಮವಾಗುತ್ತದೆ, ವೇಗ ಬೆಳೆಯುವುದಿಲ್ಲ. ಎಡಗೈ ಮತ್ತು ಬಲಗೈ ಎರಡೂ ಕಡೆಯಿಂದ ಬೀಸುವುದು ಬೆನ್ನಿನ ಸಮತೋಲಕ್ಕೆ ನೆರವಾಗುತ್ತದೆ.

ನೆಲದ ಮೇಲಿಡುವ ಪುಟ್ಟ ರಾಡಾರ್ ಪ್ರತಿ ಬೀಸಿನ ವೇಗವನ್ನು ಅಂಕಿಯಲ್ಲಿ ತೋರಿಸುತ್ತದೆ. ಅಂಕಿ ಸತತವಾಗಿ ಇಳಿಯತೊಡಗಿದರೆ ಆ ದಿನದ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಬೇಕು. ಸಾಧನ ಕೊಳ್ಳಲಾಗದವರು ಡ್ರೈವರನ್ನೇ ತಲೆಕೆಳಗಾಗಿ, ಹೆಡ್‌ನ ಬಳಿ ಹಿಡಿದು ಬೀಸಬಹುದು. ‘ಸುಂಯ್’ ಎಂಬ ಸದ್ದು ಚೆಂಡು ಇರಬೇಕಾದ ಜಾಗದಲ್ಲಿ ಅಥವಾ ಅದನ್ನು ದಾಟಿದ ಕೂಡಲೇ ಜೋರಾಗಿ ಕೇಳಿಸಿದರೆ ವೇಗ ಸರಿಯಾದ ಹೊತ್ತಿಗೆ ಬಂದಿದೆ ಎಂದರ್ಥ. ಭುಜದ ಎತ್ತರದಲ್ಲೇ ಸದ್ದಾದರೆ ಬಲ ಮುಂಚೆಯೇ ವ್ಯಯವಾಗಿದೆ.

ಫಲ ಮತ್ತು ಮಿತಿ

ಭಾರದ ಕ್ಲಬ್ ಬೀಸಿದ ಬೆನ್ನಲ್ಲೇ ತನ್ನ ಕ್ಲಬ್ ಹಗುರವಾದಂತೆ, ವೇಗ ಹೆಚ್ಚಿದಂತೆ ಆಟಗಾರನಿಗೆ ಭಾಸವಾಗುತ್ತದೆ. ಆದರೆ ಬೇಸ್‌ಬಾಲ್ ಬ್ಯಾಟ್‌ಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಬಳೆ ತೊಡಿಸಿದ ಬ್ಯಾಟ್ ಬೀಸಿದ ನಂತರದ ನಿಜವಾದ ವೇಗ ಹಲವು ಬಾರಿ ಕುಗ್ಗಿದ್ದು ಕಂಡುಬಂದಿದೆ. ಹವಾಯಿ ವಿಶ್ವವಿದ್ಯಾಲಯದ ಕೂಪ್ ಡೆರೆನ್ ನಡೆಸಿದ ಸಂಶೋಧನೆ, ಆಟದ ಬ್ಯಾಟ್‌ಗೆ ಹತ್ತಿರದ ತೂಕಗಳೇ ಹೆಚ್ಚು ಫಲಕಾರಿ ಎಂಬುದರತ್ತ ಬೆರಳು ಮಾಡಿತು. ಕೋಲುಗಳ ಅಭ್ಯಾಸದ ಆರಂಭದಲ್ಲಿ ಕಾಣುವ ಏರಿಕೆಯಲ್ಲಿ ಒಂದು ಪಾಲು, ಪೂರ್ತಿ ಶಕ್ತಿಯಿಂದ ಬೀಸುವ ರೂಢಿ ಆದುದರಿಂದಲೇ ಬರುತ್ತದೆ. ಮುಂದಿನ ಏರಿಕೆಗೆ ಕಾಲು, ಸೊಂಟಗಳ ಬಲವರ್ಧನೆಯೂ ಜೊತೆಗೂಡಬೇಕು.

ಗಾಲ್ಫ್ ಆಟಗಾರರಲ್ಲಿ ಸೊಂಟನೋವು ಅತಿ ಸಾಮಾನ್ಯ. ಮಣಿಕಟ್ಟು, ಮೊಣಕೈ ನೋವುಗಳೂ ಉಂಟು. ತೀರಾ ಭಾರದ ಸಾಧನವಾಗಲಿ, ತೀರಾ ಹೆಚ್ಚು ಬೀಸುಗಳಾಗಲಿ ಇವನ್ನು ಉಲ್ಬಣಿಸಬಹುದು.

ಪ್ರಸಿದ್ಧ ನಿದರ್ಶನಗಳು

ಇಂಗ್ಲೆಂಡಿನ ಮ್ಯಾಟ್ ಫಿಟ್ಜ್‌ಪ್ಯಾಟ್ರಿಕ್ ನಿಖರತೆಗೆ ಹೆಸರಾದವರು, ದೂರದ ಹೊಡೆತಕ್ಕಲ್ಲ. ‘ದಿ ಸ್ಟ್ಯಾಕ್’ ಅಭ್ಯಾಸದಿಂದ ವೇಗ ಗಳಿಸಿಕೊಂಡ ಅವರು 2022ರಲ್ಲಿ ಬ್ರೂಕ್‌ಲೈನ್‌ನಲ್ಲಿ ಯು.ಎಸ್. ಓಪನ್ ಗೆದ್ದರು. ದೇಹದ ತೂಕ, ಬಲ ಎರಡನ್ನೂ ಹೆಚ್ಚಿಸಿಕೊಂಡ ಅಮೆರಿಕದ ಬ್ರೈಸನ್ ಡಿಶಾಂಬೊ 2020ರ ಯು.ಎಸ್. ಓಪನ್ನನ್ನು ಆರು ಹೊಡೆತಗಳ ಅಂತರದಿಂದ ಗೆದ್ದರು.

ವೇಗವೇ ಸರ್ವಸ್ವವಲ್ಲ ಎಂಬುದಕ್ಕೆ ಬೆಂಗಳೂರಿನ ಅದಿತಿ ಅಶೋಕ್ ನಿದರ್ಶನ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಮುನ್ನ ಕೋವಿಡ್ ತಗುಲಿ ಅವರ ಹೊಡೆತದ ದೂರ ಕುಗ್ಗಿತ್ತು. ಕಣದಲ್ಲಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದರೂ ಪಟಿಂಗ್ ಬಲದಿಂದ ನಾಲ್ಕನೇ ಸ್ಥಾನ ಪಡೆದರು. ಪದಕ ಕೈತಪ್ಪಿದ್ದು ಒಂದೇ ಹೊಡೆತದಿಂದ.

ನಿಯಮಗಳು

ಸ್ಪರ್ಧೆಯ ಸುತ್ತು ನಡೆಯುವಾಗ ತೂಕದ ಬಳೆ ಅಥವಾ ಅಭ್ಯಾಸ ಸಾಧನ ಬಳಸಿ ಬೀಸುವಂತಿಲ್ಲ. 2010ರಲ್ಲಿ ಒರೆಗಾನ್‌ನ ಸೇಫ್‌ವೇ ಕ್ಲಾಸಿಕ್ ಸ್ಪರ್ಧೆಯಲ್ಲಿ ಅಮೆರಿಕದ ಆಟಗಾರ್ತಿ ಜೂಲಿ ಇಂಕ್‌ಸ್ಟರ್ ಹತ್ತನೇ ಟೀ ಬಳಿ ಬಹಳ ಹೊತ್ತು ಕಾಯಬೇಕಾಗಿ ಬಂದಾಗ, ಮೈ ಸಡಿಲಿಸಲು ಕ್ಲಬ್‌ಗೆ ತೂಕ ತೊಡಿಸಿ ಬೀಸಿದರು. ಟಿವಿ ವೀಕ್ಷಕರೊಬ್ಬರು ಗಮನ ಸೆಳೆದ ಮೇಲೆ ಅವರನ್ನು ಅನರ್ಹಗೊಳಿಸಲಾಯಿತು. 2016ರಲ್ಲಿ ಈ ಶಿಕ್ಷೆಯನ್ನು ಸಡಿಲಿಸಲಾಯಿತು. ಈಗಿನ ನಿಯಮದಂತೆ ಮೊದಲ ತಪ್ಪಿಗೆ ಸ್ಟ್ರೋಕ್ ಪ್ಲೇಯಲ್ಲಿ ಎರಡು ಹೊಡೆತಗಳ ದಂಡ, ಮ್ಯಾಚ್ ಪ್ಲೇಯಲ್ಲಿ ಆ ಹೋಲ್ ನಷ್ಟ. ಎರಡನೇ ತಪ್ಪಿಗೆ ಅನರ್ಹತೆ.