ಗೊರಕೆಗೆ ಬಂದ ಸಿಪ್ಯಾಪ್ ಮೆಷಿನ್: ಮೊದಲ ತಿಂಗಳು ದಾಟುವುದು ಹೇಗೆ? ಲಂಡನ್ ಕನ್ನಡಿಗರಿಗೆ ಮಾಹಿತಿ

ಲಂಡನ್: ಜೋರಾಗಿ ಗೊರಕೆ ಹೊಡೆಯುವವರನ್ನು ಕಂಡರೆ "ಕುಂಭಕರ್ಣನ ನಿದ್ದೆ, ಪುಣ್ಯವಂತ" ಎಂದು ನಗುವುದು ನಮ್ಮ ಊರುಗಳಲ್ಲಿ ರೂಢಿ. ಆದರೆ ಆ ಗೊರಕೆ ಮಧ್ಯದಲ್ಲಿ ತಟ್ಟನೆ ನಿಂತು, ಹತ್ತಿಪ್ಪತ್ತು ಸೆಕೆಂಡ್ ಸದ್ದೇ ಇಲ್ಲದೆ, ಆಮೇಲೆ ಉಸಿರು ಕಟ್ಟಿದವರಂತೆ ಒಮ್ಮೆಲೇ ಏದುಸಿರು ಬಿಟ್ಟು ಮತ್ತೆ ಶುರುವಾಗುತ್ತಿದ್ದರೆ ಅದು ಸುಖನಿದ್ದೆ ಅಲ್ಲ. ಸ್ಲೀಪ್ ಅಪ್ನಿಯಾ ಎಂಬ ಕಾಯಿಲೆಯ ಲಕ್ಷಣ ಅದು. ಟ್ಯಾಕ್ಸಿ, ಲಾರಿ, ಬಸ್ಸು ಓಡಿಸುವವರು, ಹೀಥ್ರೂ ಸುತ್ತಮುತ್ತ ಶಿಫ್ಟ್‌ನಲ್ಲಿ ದುಡಿಯುವವರು, ಕೇರ್ ಹೋಮ್‌ಗಳಲ್ಲಿ ರಾತ್ರಿ ಪಾಳಿ ಮಾಡುವವರು ಇದನ್ನು "ಕೆಲಸದ ಸುಸ್ತು" ಎಂದುಕೊಂಡೇ ವರ್ಷಗಟ್ಟಲೆ ತಳ್ಳುವುದುಂಟು.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ಅವು ಪೂರ್ತಿ ಕುಸಿದು ಉಸಿರಿನ ದಾರಿಯನ್ನೇ ಮುಚ್ಚಿಬಿಡುತ್ತವೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ, ದಾರಿ ತೆರೆಯುತ್ತದೆ, ಮತ್ತೆ ನಿದ್ದೆ. ಬೆಳಗ್ಗೆ ಇದ್ಯಾವುದೂ ನೆನಪಿರುವುದಿಲ್ಲ. ಉಸಿರು 10 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಹೊತ್ತು ನಿಂತರೆ, ಇಲ್ಲವೇ ಬಹಳ ಕಡಿಮೆಯಾದರೆ ಅದನ್ನು ಒಂದು ಸಲ ಎಂದು ಎಣಿಸುತ್ತಾರೆ. ಗಂಟೆಗೆ 5ರಿಂದ 14 ಸಲ ಆದರೆ ಸೌಮ್ಯ, 15ರಿಂದ 29 ಆದರೆ ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಎರಡೆರಡು ನಿಮಿಷಕ್ಕೆ ಒಮ್ಮೆ ಯಾರೋ ಭುಜ ತಟ್ಟಿ ಎಬ್ಬಿಸಿದ ಹಾಗೆ. ಎಂಟು ಗಂಟೆ ಮಲಗಿದರೂ ಬೆಳಗ್ಗೆ ತಲೆಭಾರ, ಒಣಗಿದ ಬಾಯಿ, ಹಗಲು ಕೂತಲ್ಲೇ ತೂಕಡಿಕೆ ಯಾಕೆ ಅಂತ ಇದರಿಂದಲೇ ಗೊತ್ತಾಗುತ್ತದೆ. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದು, ಮಾತ್ರೆ ತಿಂದರೂ ಇಳಿಯದ ಬಿಪಿ ಕೂಡ ಇದರ ಜೊತೆಗಾರರು.

ದಪ್ಪ ಇರುವವರಿಗೆ ಮಾತ್ರ ಬರುತ್ತದೆ ಎನ್ನುವುದು ಅರ್ಧ ಸತ್ಯ. ತೂಕ, ಕುತ್ತಿಗೆ ಸುತ್ತಳತೆ ಮುಖ್ಯ ಕಾರಣಗಳೇನೋ ಹೌದು. ಆದರೆ ದವಡೆಯ ರಚನೆ, ದೊಡ್ಡ ಟಾನ್ಸಿಲ್, ಮನೆತನ, ವಯಸ್ಸು ಇವೂ ಸೇರುತ್ತವೆ. ದಕ್ಷಿಣ ಏಷ್ಯಾದವರಿಗೆ ತೂಕದ ಅಪಾಯ ಬೇರೆಯವರಿಗಿಂತ ಬೇಗ ಶುರುವಾಗುತ್ತದೆ ಎಂದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಗಳೇ ಒಪ್ಪಿವೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಇದು ಹೆಚ್ಚು. ಅವರಲ್ಲಿ ಗೊರಕೆಗಿಂತ ನಿದ್ರಾಹೀನತೆ, ಸುಸ್ತು ಎದ್ದು ಕಾಣುವುದರಿಂದ ಪತ್ತೆ ತಡವಾಗುತ್ತದೆ.

ಪರೀಕ್ಷೆ ಎಲ್ಲಿ, ಖರ್ಚು ಎಷ್ಟು

ಮೊದಲ ಮೆಟ್ಟಿಲು ಜಿಪಿ. ಒಂಟಿಯಾಗಿ ಇರುವವರಿಗೆ ತಮ್ಮ ಗೊರಕೆ ತಮಗೆ ಗೊತ್ತಾಗುವುದಿಲ್ಲ. ರೂಮ್‌ಮೇಟ್ ಹತ್ತಿರ ಎರಡು ನಿಮಿಷ ಮೊಬೈಲ್‌ನಲ್ಲಿ ವಿಡಿಯೊ ಮಾಡಿಸಿ ತೋರಿಸಿದರೆ ಡಾಕ್ಟರಿಗೆ ಅರ್ಧ ಕೆಲಸ ಆದಂತೆ. ಜಿಪಿ ಎಪ್‌ವರ್ತ್ ಎಂಬ ಪ್ರಶ್ನಾವಳಿ ಕೊಡಬಹುದು. ಟಿವಿ ನೋಡುವಾಗ, ಊಟದ ನಂತರ ಕೂತಾಗ, ಟ್ರಾಫಿಕ್‌ನಲ್ಲಿ ನಿಂತಾಗ, ಹೀಗೆ 8 ಸಂದರ್ಭಗಳಲ್ಲಿ ಎಷ್ಟು ನಿದ್ದೆ ಬರುತ್ತದೆ ಎಂದು ಕೇಳುತ್ತದೆ. ಒಟ್ಟು 24ರಲ್ಲಿ 10 ದಾಟಿದರೆ ಹಗಲುನಿದ್ದೆ ಹೆಚ್ಚು ಎಂದು ಲೆಕ್ಕ.

ಅಲ್ಲಿಂದ ಸ್ಲೀಪ್ ಕ್ಲಿನಿಕ್‌ಗೆ ಪತ್ರ ಹೋಗುತ್ತದೆ. ಲಂಡನ್ ಬ್ರಿಡ್ಜ್ ಪಕ್ಕದ ಗೈಸ್ ಆಸ್ಪತ್ರೆ, ಚೆಲ್ಸಿಯ ರಾಯಲ್ ಬ್ರಾಂಪ್ಟನ್ ಈ ವಿಷಯದಲ್ಲಿ ಹೆಸರಾದವು. ಇಂಗ್ಲೆಂಡಿನಲ್ಲಿ ಯಾವ ಆಸ್ಪತ್ರೆ ಬೇಕೆಂದು ರೋಗಿ ಕೇಳಬಹುದು, ಕಾಯುವ ಸಮಯ ಎಲ್ಲಿ ಕಡಿಮೆ ಎಂದು ಜಿಪಿ ಹತ್ತಿರ ವಿಚಾರಿಸಿದರೆ ತಪ್ಪಿಲ್ಲ. ಪರೀಕ್ಷೆಗೆ ಹೆಚ್ಚಿನವರು ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ. ಬೆರಳಿಗೊಂದು ಕ್ಲಿಪ್, ಎದೆಗೊಂದು ಬೆಲ್ಟ್, ಮೂಗಿನ ಕೆಳಗೆ ಸಣ್ಣ ನಳಿಕೆ ಇರುವ ಸಾಧನ ಕೊಟ್ಟು ಕಳಿಸುತ್ತಾರೆ. ಮನೆಯಲ್ಲೇ ಒಂದು ರಾತ್ರಿ ಕಟ್ಟಿಕೊಂಡು ಮಲಗಿ ಹಿಂದಿರುಗಿಸಬೇಕು.

ವೀಸಾಗೆ ಹೆಲ್ತ್ ಸರ್ಚಾರ್ಜ್ ಕಟ್ಟಿದವರಿಗೆ (2024ರ ಫೆಬ್ರವರಿಯಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್) ಎನ್‌ಎಚ್‌ಎಸ್‌ನಲ್ಲಿ ಪರೀಕ್ಷೆಗೂ ಮೆಷಿನ್‌ಗೂ ಬೇರೆ ದುಡ್ಡಿಲ್ಲ. ಹೆಲ್ತ್ ಆಂಡ್ ಕೇರ್ ವೀಸಾದವರಿಗೆ ಆ ಸರ್ಚಾರ್ಜೂ ಇಲ್ಲ. ಮೆಷಿನ್ ಸ್ವಂತಕ್ಕೆ ಸಿಗುವುದಲ್ಲ, ಬಳಸುವವರೆಗೆ ಕೊಡುವುದು. ಹಾಳಾದ ಮಾಸ್ಕ್, ಫಿಲ್ಟರ್ ಬದಲಿಸುವುದೂ ಕ್ಲಿನಿಕ್‌ನದೇ ಹೊಣೆ. ಗಲ್ಫ್‌ನಲ್ಲಿದ್ದಾಗಲೇ ಪರೀಕ್ಷೆ ಮಾಡಿಸಿಕೊಂಡು ಈಗ ಇಲ್ಲಿಗೆ ಬಂದ ನರ್ಸ್‌ಗಳು, ಕೇರರ್‌ಗಳು ಹಳೆಯ ರಿಪೋರ್ಟ್ ಮತ್ತು ಮೆಷಿನ್‌ನ ಒತ್ತಡದ ಸಂಖ್ಯೆಯನ್ನು ಜೊತೆಗೆ ತಂದಿದ್ದರೆ ಬಹಳ ಅನುಕೂಲ.

ಲೈಸೆನ್ಸ್ ಹೋಗುತ್ತದೆ ಎಂಬ ಭಯ

ಡ್ರೈವರ್‌ಗಳು ಡಾಕ್ಟರ ಹತ್ತಿರ ಹೋಗದಿರುವುದಕ್ಕೆ ನಿಜವಾದ ಕಾರಣ ಇದೇ. "ಹೇಳಿದರೆ ಲೈಸೆನ್ಸ್ ಕಿತ್ಕೋತಾರೆ, ಊರಿಗೆ ದುಡ್ಡು ಕಳಿಸೋದು ಹೇಗೆ?" ಎಂಬ ಲೆಕ್ಕ. ಆ ಭಯದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಆದರೆ ನಿಯಮವನ್ನು ಪೂರ್ತಿ ಓದಿದವರು ಕಡಿಮೆ.

ಗೊರಕೆ ಇದೆ, ಅಪ್ನಿಯಾ ಇದೆ, ಆದರೆ ಹಗಲು ಅತಿಯಾದ ನಿದ್ದೆ ಇಲ್ಲ ಎಂದಾದರೆ ಡಿವಿಎಲ್‌ಎಗೆ ತಿಳಿಸುವ ಅಗತ್ಯ ಬರುವುದಿಲ್ಲ. ಮಧ್ಯಮ ಅಥವಾ ತೀವ್ರ ಮಟ್ಟದ ಕಾಯಿಲೆಯ ಜೊತೆಗೆ ಅತಿ ಹಗಲುನಿದ್ದೆಯೂ ಇದ್ದರೆ ವಾಹನ ಓಡಿಸುವಂತಿಲ್ಲ, ತಿಳಿಸಲೇಬೇಕು. ಚಿಕಿತ್ಸೆಯಿಂದ ನಿದ್ದೆ ಹತೋಟಿಗೆ ಬಂತು, ಮೆಷಿನ್ ಸರಿಯಾಗಿ ಬಳಸುತ್ತಿದ್ದಾರೆ ಎಂದು ಖಾತ್ರಿಯಾದ ಮೇಲೆ ಮತ್ತೆ ಓಡಿಸಬಹುದು. ಕಾರು, ಬೈಕಿನವರಿಗೆ ಮೂರು ವರ್ಷಕ್ಕೊಮ್ಮೆ, ಲಾರಿ, ಬಸ್ಸಿನವರಿಗೆ ವರ್ಷಕ್ಕೊಮ್ಮೆ ಮರುಪರಿಶೀಲನೆ. ಸೌಮ್ಯ ಮಟ್ಟದವರೂ ಅತಿ ನಿದ್ದೆ ಇರುವಷ್ಟು ದಿನ ಸ್ಟೀರಿಂಗ್ ಮುಟ್ಟಬಾರದು. ಮೂರು ತಿಂಗಳಲ್ಲಿ ಹತೋಟಿಗೆ ಬರದಿದ್ದರೆ ಡಿವಿಎಲ್‌ಎಗೆ ತಿಳಿಸಬೇಕು. ಲಂಡನ್ನಿನ ಮಿನಿಕ್ಯಾಬ್, ಬ್ಲ್ಯಾಕ್ ಕ್ಯಾಬ್ ಚಾಲಕರಿಗೆ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಅನ್ವಯಿಸುವುದು ಲಾರಿ, ಬಸ್ಸಿನವರ ಕಟ್ಟುನಿಟ್ಟಿನ ಮಾನದಂಡವನ್ನೇ ಎಂಬುದು ನೆನಪಿರಲಿ.

ತಿಳಿಸಬೇಕಾದ ಕಾಯಿಲೆಯನ್ನು ಮುಚ್ಚಿಟ್ಟರೆ 1,000 ಪೌಂಡ್‌ವರೆಗೆ ದಂಡ. ಅಪಘಾತವಾಗಿ ಪ್ರಾಣಹಾನಿಯಾದರೆ ಕಥೆಯೇ ಬೇರೆ: ಅಪಾಯಕಾರಿ ಚಾಲನೆಯಿಂದ ಸಾವಿಗೆ ಕಾರಣವಾದರೆ 2022ರ ಜೂನ್‌ನಿಂದ ಜೀವಾವಧಿ ಶಿಕ್ಷೆಯವರೆಗೆ ಅವಕಾಶವಿದೆ. ಇನ್ನೊಂದು ಕಡೆ, 2021ರ ನೈಸ್ ಮಾರ್ಗಸೂಚಿಯ ಪ್ರಕಾರ ಚಾಲನೆಯೇ ಉದ್ಯೋಗವಾದವರಿಗೆ ಪರೀಕ್ಷೆಯಲ್ಲಿ ಆದ್ಯತೆ ಕೊಡಬೇಕು. ಹಾಗಾಗಿ ಜಿಪಿ ಹತ್ತಿರ "ನನ್ನ ಕೆಲಸವೇ ಡ್ರೈವಿಂಗ್" ಎಂದು ಬಾಯಿಬಿಟ್ಟು ಹೇಳಬೇಕು, ಪತ್ರದಲ್ಲಿ ಅದನ್ನು ಬರೆಸಬೇಕು. ಮುಚ್ಚಿಡುವವರು ಕಳೆದುಕೊಳ್ಳುವುದು ಈ ಆದ್ಯತೆಯನ್ನೇ.

ಮೊದಲ ತಿಂಗಳು

1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾ. ಕಾಲಿನ್ ಸಲ್ಲಿವನ್ ಮೂಗಿನ ಮೂಲಕ ಗಾಳಿ ಒತ್ತುವ ಈ ಉಪಾಯ ಕಂಡುಹಿಡಿದರು. ಐದು ರೋಗಿಗಳ ಮೇಲಿನ ಅವರ ವರದಿ 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ತತ್ವ ಇವತ್ತಿಗೂ ಅದೇ. ಮೆಷಿನ್ ಆಮ್ಲಜನಕ ಕೊಡುವುದಿಲ್ಲ, ರೂಮಿನ ಗಾಳಿಯನ್ನೇ ಸ್ವಲ್ಪ ಒತ್ತಡದಲ್ಲಿ ತಳ್ಳಿ ಗಂಟಲು ಮುಚ್ಚದಂತೆ ಹಿಡಿದಿಡುತ್ತದೆ. ಸೈಕಲ್ ಟ್ಯೂಬಿಗೆ ಗಾಳಿ ತುಂಬಿದರೆ ಕುಸಿಯದೆ ನಿಲ್ಲುತ್ತದಲ್ಲ, ಹಾಗೆ.

ಕೆಲವರಿಗೆ ಮೊದಲ ರಾತ್ರಿಯೇ ಹಿಡಿಸುತ್ತದೆ. ಬಹಳ ಮಂದಿಗೆ ಹಾಗಾಗುವುದಿಲ್ಲ. ಮುಖಕ್ಕೆ ಏನೋ ಕಟ್ಟಿದ ಹಾಗೆ, ಉಸಿರು ಬಿಡುವಾಗ ಎದುರು ಗಾಳಿ ಬಂದ ಹಾಗೆ ಅನಿಸಿ ನಡುರಾತ್ರಿ ಕಿತ್ತೆಸೆಯುತ್ತಾರೆ. ನಾಲ್ಕು ದಿನ ಹಾಗೆ ಮಾಡಿ ಮೆಷಿನ್ ಅಟ್ಟಕ್ಕೆ ಹೋದರೆ ಅಲ್ಲಿಗೆ ಮುಗಿಯಿತು. ಅಭ್ಯಾಸ ಆಗುವುದು ರಾತ್ರಿ ಒದ್ದಾಡಿ ಅಲ್ಲ, ಹಗಲು ಹೊತ್ತಿನಲ್ಲಿ. ಟಿವಿ ನೋಡುತ್ತಾ ಬೆಲ್ಟ್ ಹಾಕದೆ ಮಾಸ್ಕನ್ನು ಕೈಯಲ್ಲೇ ಮೂಗಿಗೆ ಹಿಡಿದು ಐದು ನಿಮಿಷ. ಮರುದಿನ ಬೆಲ್ಟ್ ಹಾಕಿ ಹತ್ತು ನಿಮಿಷ. ಆಮೇಲೆ ಗಾಳಿ ಬಿಟ್ಟು ಅರ್ಧ ಗಂಟೆ. ನಂತರ ಮಧ್ಯಾಹ್ನದ ಸಣ್ಣ ನಿದ್ದೆಗೆ. ಕಮ್ಮಿ ಒತ್ತಡದಿಂದ ಶುರುವಾಗಿ ನಿಧಾನಕ್ಕೆ ಏರುವ "ರ್‍ಯಾಂಪ್" ಎಂಬ ವ್ಯವಸ್ಥೆ ಹೆಚ್ಚಿನ ಮೆಷಿನ್‌ಗಳಲ್ಲಿದೆ, ಅದನ್ನು ಹಾಕಿಸಿಕೊಳ್ಳಬೇಕು. ಒತ್ತಡದ ಸಂಖ್ಯೆಯನ್ನು ಮಾತ್ರ ಸ್ವಂತ ಬುದ್ಧಿಯಿಂದ ಬದಲಿಸಬಾರದು.

ಕಷ್ಟದ ಬೇರು ಹೆಚ್ಚಾಗಿ ಮಾಸ್ಕ್‌ನಲ್ಲೇ ಇರುತ್ತದೆ. ಮೂಗು ಮಾತ್ರ ಮುಚ್ಚುವುದು, ಮೂಗಿನ ಹೊಳ್ಳೆಗೆ ಕೂರುವ ಮೆತ್ತನೆಯ "ಪಿಲ್ಲೋ", ಮೂಗು ಬಾಯಿ ಎರಡನ್ನೂ ಮುಚ್ಚುವುದು ಎಂದು ಮೂರು ಬಗೆ. ಬಾಯಿ ತೆರೆದು ಮಲಗುವವರಿಗೆ ಮೂರನೆಯದು ಬೇಕಾಗಬಹುದು. ದಪ್ಪ ಮೀಸೆ, ಗಡ್ಡ ಇರುವವರಿಗೆ ಅಂಚಿನಿಂದ ಗಾಳಿ ಸೋರುತ್ತದೆ. ಪಿಲ್ಲೋ ಮಾಸ್ಕ್ ಕೇಳಿ ನೋಡಬೇಕು, ಗಡ್ಡ ತೆಗೆಯುವ ಪ್ರಶ್ನೆ ಆಮೇಲಿನದು. ಮೂಗುತಿ ಹಾಕುವ ಹೆಂಗಸರಿಗೆ ಅದು ಚುಚ್ಚಿದರೆ ರಾತ್ರಿ ತೆಗೆದಿಡುವುದು, ಇಲ್ಲವೇ ಬೇರೆ ಆಕಾರದ ಮಾಸ್ಕ್ ಕೇಳುವುದು ಎರಡೂ ಸರಿ. ಮಲಗುವ ಮುಂಚೆ ತಲೆಗೆ, ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ಇದ್ದವರು ಅದನ್ನು ಬೆಳಗಿನ ಸ್ನಾನಕ್ಕೆ ಮುಂದೂಡಬೇಕು, ಎಣ್ಣೆ ಜಿಡ್ಡಿನಿಂದ ಮಾಸ್ಕಿನ ಸಿಲಿಕೋನ್ ಜಾರುತ್ತದೆ, ಬೇಗ ಹಾಳಾಗುತ್ತದೆ. ಸೋರುತ್ತಿದೆ ಎಂದು ಬೆಲ್ಟ್ ಬಿಗಿದಷ್ಟೂ ಸೋರಿಕೆ ಹೆಚ್ಚು, ಜೊತೆಗೆ ಮೂಗಿನ ಮೇಲೆ ಹುಣ್ಣು. ಮಲಗಿದ ಭಂಗಿಯಲ್ಲೇ, ಗಾಳಿ ಬರುತ್ತಿರುವಾಗ ಹೊಂದಿಸಿಕೊಳ್ಳುವುದು ಸರಿಯಾದ ಕ್ರಮ.

ಬಾಯಿ, ಮೂಗು ಒಣಗಿದರೆ ನೀರಿನ ತೊಟ್ಟಿಯಿರುವ ಹ್ಯೂಮಿಡಿಫೈಯರ್ ಕೇಳಬೇಕು. ಲಂಡನ್ ನಲ್ಲಿ ನೀರು ಗಡಸು, ಕೆಟಲ್ ತಳದಲ್ಲಿ ಕೂರುವ ಬಿಳಿ ಪದರ ಇಲ್ಲೂ ಕೂರುತ್ತದೆ. ಕ್ಲಿನಿಕ್ ಹೇಳಿದಂತೆ ಡಿಸ್ಟಿಲ್ಡ್ ನೀರು ಅಥವಾ ಕುದಿಸಿ ಆರಿಸಿದ ನೀರು ಹಾಕಿ, ಬೆಳಗ್ಗೆ ಚೆಲ್ಲಿ ಒಣಗಿಸಬೇಕು. ಇಸ್ತ್ರಿಗೆಂದು ಮಾರುವ ಪರಿಮಳದ ನೀರು ಬೇಡವೇ ಬೇಡ. ಚಳಿಗಾಲದಲ್ಲಿ ಹೀಟರ್ ಆರಿಸಿದ ಕೋಣೆಯಲ್ಲಿ ಪೈಪಿನೊಳಗೆ ಹನಿ ಕಟ್ಟಿ ಮೂಗಿಗೆ ನೀರು ಚಿಮ್ಮುವುದುಂಟು. ಪೈಪನ್ನು ಡ್ಯುವೆ ಒಳಗೆ ಹಾಯಿಸಿದರೆ ಬಹುಪಾಲು ಸರಿಹೋಗುತ್ತದೆ. ಹೊಟ್ಟೆಗೆ ಗಾಳಿ ತುಂಬಿ ಉಬ್ಬರಿಸಿದರೆ, ಮೂಗು ಕಟ್ಟಿಯೇ ಇದ್ದರೆ ಕ್ಲಿನಿಕ್‌ಗೆ ಫೋನ್ ಮಾಡಬೇಕು, ಎರಡಕ್ಕೂ ದಾರಿಯಿದೆ.

ಒಂದೇ ರೂಮಿನಲ್ಲಿ ಮೂವರು ನಾಲ್ವರು ಇರುವವರಿಗೆ ನಾಚಿಕೆಯೂ ಒಂದು ತೊಡಕು. ಈಗಿನ ಮೆಷಿನ್‌ಗಳ ಸದ್ದು ಪಿಸುಮಾತಿನಷ್ಟೇ, ಅದಕ್ಕಿಂತ ಗೊರಕೆಯೇ ಜಾಸ್ತಿ. ವಿಷಯ ಏನೆಂದು ಮೊದಲ ದಿನವೇ ಹೇಳಿಬಿಟ್ಟರೆ ರೂಮ್‌ಮೇಟ್‌ಗಳೇ ಖುಷಿಪಡುತ್ತಾರೆ. ರಾತ್ರಿ ಪಾಳಿಯವರು ಹಗಲು ಮಲಗುವಾಗಲೂ ಮೆಷಿನ್ ಹಾಕಲೇಬೇಕು. ಗಡಿಯಾರಕ್ಕಲ್ಲ, ನಿದ್ದೆಗೆ ಅದು ಬೇಕಿರುವುದು. ದಿನಕ್ಕೆ ಕನಿಷ್ಠ 4 ಗಂಟೆ ಎಂಬ ಅಳತೆಯನ್ನು ಕ್ಲಿನಿಕ್‌ಗಳು ಸಾಮಾನ್ಯವಾಗಿ ನೋಡುತ್ತವೆ, ಪೂರ್ತಿ ನಿದ್ದೆಗೆ ಹಾಕಿದರೆ ಲಾಭ ಹೆಚ್ಚು. ಬಹಳಷ್ಟು ಮೆಷಿನ್‌ಗಳು ಬಳಸಿದ ಗಂಟೆಯ ಲೆಕ್ಕವನ್ನು ತಾವೇ ಕ್ಲಿನಿಕ್‌ಗೆ ಕಳಿಸುತ್ತವೆ. ಡ್ರೈವರ್‌ಗಳಿಗೆ ಲೈಸೆನ್ಸ್ ಪರಿಶೀಲನೆಯಲ್ಲಿ ಈ ಲೆಕ್ಕವೇ ಸಾಕ್ಷಿ.

ಊರಿಗೆ ಹೋಗುವಾಗ, ಊರಿನಿಂದ ಬರುವಾಗ

ರಜೆಗೆ ಹೋಗುವಾಗ "ಒಂದು ತಿಂಗಳು ತಾನೆ" ಎಂದು ಮೆಷಿನ್ ಬಿಟ್ಟುಹೋಗುವವರಿದ್ದಾರೆ. ಬಿಟ್ಟ ಕೆಲವೇ ದಿನಗಳಲ್ಲಿ ಹಳೇ ತೂಕಡಿಕೆ ವಾಪಸ್. ಮೆಷಿನ್ ಚೆಕ್-ಇನ್ ಬ್ಯಾಗಿಗೆ ಹಾಕದೆ ಕೈಯಲ್ಲೇ ಒಯ್ಯಬೇಕು. ವೈದ್ಯಕೀಯ ಸಾಧನ ಎಂದು ಬಹುತೇಕ ವಿಮಾನ ಕಂಪನಿಗಳು ಕ್ಯಾಬಿನ್ ಬ್ಯಾಗಿನ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೂ ಮುಂಚೆ ಫೋನ್ ಮಾಡಿ, ಕ್ಲಿನಿಕ್‌ನ ಪತ್ರ ಇಟ್ಟುಕೊಳ್ಳುವುದು ಕ್ಷೇಮ. ತೊಟ್ಟಿಯ ನೀರು ಖಾಲಿ ಮಾಡಿರಬೇಕು. ದುಬೈ, ದೋಹಾ, ಮಸ್ಕತ್‌ನಲ್ಲಿ ಇಳಿದರೆ ಇಲ್ಲಿನದೇ ಮೂರು ಪಿನ್ ಪ್ಲಗ್ ನಡೆಯುತ್ತದೆ, ಊರಲ್ಲಿ ಅಡಾಪ್ಟರ್ ಬೇಕು. ಕರೆಂಟ್ ಪದೇ ಪದೇ ಹೋಗುವ ಕಡೆ ಇನ್ವರ್ಟರ್ ಇರುವ ಕೋಣೆಯಲ್ಲೇ ಮಲಗುವುದು ಒಳ್ಳೆಯದು. ಹ್ಯೂಮಿಡಿಫೈಯರ್ ಆರಿಸಿದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಹಳೇ ಮೆಷಿನ್‌ಗಳ ಬಗ್ಗೆ ಎಚ್ಚರ ಬೇಕು. ಒಳಗಿನ ಫೋಮ್ ಪುಡಿಯಾಗಿ ಉಸಿರಿಗೆ ಸೇರುವ ಅಪಾಯದ ಕಾರಣಕ್ಕೆ ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ತನ್ನ ಅನೇಕ ಮಾದರಿಗಳನ್ನು ಜಗತ್ತಿನಾದ್ಯಂತ ಹಿಂದೆ ಪಡೆಯಿತು. ಅಂಥವು ಇನ್ನೂ ಕೈಬದಲಾಗುತ್ತಿರಬಹುದು, ಸೀರಿಯಲ್ ನಂಬರ್ ನೋಡದೆ ಕೊಳ್ಳಬಾರದು.

ವಿಸಿಟರ್ ವೀಸಾದಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ತಿಳಿದಿರಬೇಕಾದದ್ದು: ಜಿಪಿ ಭೇಟಿ, ಎ ಆಂಡ್ ಇ ಚಿಕಿತ್ಸೆ ಉಚಿತವಾದರೂ ಸ್ಲೀಪ್ ಕ್ಲಿನಿಕ್‌ನಂಥ ಆಸ್ಪತ್ರೆ ಸೇವೆಗೆ ಅವರಿಂದ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ವಸೂಲಿ ಮಾಡುತ್ತಾರೆ. ಊರಲ್ಲಿ ಈಗಾಗಲೇ ಮೆಷಿನ್ ಬಳಸುತ್ತಿರುವ ಹಿರಿಯರು ಅದನ್ನು, ಒಂದು ಹೆಚ್ಚುವರಿ ಮಾಸ್ಕನ್ನು, ಡಾಕ್ಟರ ಚೀಟಿಯನ್ನು ಜೊತೆಗೇ ತರಲಿ. ಕೂರುವ ಸೀಟು ಬುಕ್ ಮಾಡುವಾಗಲೇ ಪ್ಲಗ್ ಇದೆಯೇ ಎಂದು ವಿಮಾನ ಕಂಪನಿಯನ್ನು ಕೇಳಿಕೊಳ್ಳಬಹುದು.