ಮುಡಿದ ಹೂವಿನ ಅರ್ಥ: ಕಾವ್ಯಸಂಪ್ರದಾಯವೂ ಮಂಗಳೂರು ಸೀಮೆಯ ಆಚಾರವೂ

ಕಾವ್ಯವನ್ನು ಪಾಠಹೇಳುವವರು ಮಲ್ಲಿಗೆಯನ್ನೂ ಸಂಪಿಗೆಯನ್ನೂ ಸಾಮಾನ್ಯವಾಗಿ ಶೃಂಗಾರದ ಉದ್ದೀಪನವಿಭಾವಗಳಲ್ಲಿ ಸೇರಿಸಿ ಮುಂದೆ ಸಾಗುವರು. ವಸಂತ, ಚಂದ್ರಿಕೆ, ಕೋಗಿಲೆ, ಮಂದಮಾರುತ, ಪುಷ್ಪ ಎಂದು ಒಂದೇ ಉಸಿರಿನಲ್ಲಿ ಎಣಿಸಿಬಿಡುವುದು ಆಲಂಕಾರಿಕರ ಪದ್ಧತಿ. ಅದು ತಪ್ಪಲ್ಲ, ಆದರೆ ಪೂರ್ಣವೂ ಅಲ್ಲ. ಹೆಣ್ಣು ಮುಡಿದ ಹೂವು ನಮ್ಮ ಸಮಾಜದಲ್ಲಿ ಬರಿಯ ಅಲಂಕಾರವಲ್ಲ. ಅವಳ ಸ್ಥಿತಿಯನ್ನು ಸಾರುವ ಚಿಹ್ನೆ. ಆ ಚಿಹ್ನೆ ಅವಳಿಗೆ ಯಾರಿಂದ ಬಂದುದು, ಅದನ್ನು ಕಳೆಯುವ ಅಧಿಕಾರ ಯಾರಿಗುಂಟು ಎಂಬುದೇ ಈ ಲೇಖನದ ವಿಚಾರ. ಮಂಗಳೂರು ಸೀಮೆಯ ಆಚಾರಗಳನ್ನೂ ತುಳುವಿನ ಒಂದು ಪಾಡ್ದನವನ್ನೂ ಸಂಸ್ಕೃತಕಾವ್ಯಗಳ ಪಕ್ಕದಲ್ಲಿಟ್ಟು ನೋಡಿದರೆ ಇದಕ್ಕೆ ಉತ್ತರ ದೊರೆಯುವುದೆಂದು ನನ್ನ ಅಭಿಪ್ರಾಯ.

ಮೊದಲು ಶಬ್ದವಿಚಾರ. ಹಳಗನ್ನಡದ ‘ಪೂ’ ಎಂಬುದು ಪಕಾರವು ಹಕಾರವಾಗುವ ನಿಯಮದಂತೆ ನಮ್ಮಲ್ಲಿ ‘ಹೂ’ ಆಯಿತು. ತುಳುವಿನಲ್ಲಿ ಅದು ಇಂದಿಗೂ ‘ಪೂ’ ಆಗಿಯೇ ಉಳಿದಿದೆ. ಅಡಕೆಯ ಹೂಗೊಂಚಲನ್ನು ಕನ್ನಡಿಗರು ‘ಹಿಂಗಾರ’ ಎಂದರೆ ತುಳುವರು ‘ಪಿಂಗಾರ’ ಎನ್ನುವರು. ೧೮೮೬ರಲ್ಲಿ ಹೊರಬಂದ ಮ್ಯಾನರರ ತುಳು ನಿಘಂಟನ್ನೂ ೧೮೯೪ರ ಕಿಟೆಲರ ಕನ್ನಡ ನಿಘಂಟನ್ನೂ ತೆರೆದಿಟ್ಟರೆ ಇಂತಹ ಜೋಡಿಗಳು ಹೇರಳವಾಗಿ ಸಿಕ್ಕುವುವು. ಎರಡೂ ಮಂಗಳೂರಿನ ಬಾಸೆಲ್ ಮಿಶನ್ನಿನ ಪ್ರಕಟನೆಗಳೇ. ಸಂಸ್ಕೃತದ ಕಡೆಗೆ ತಿರುಗಿದರೆ, ಅಮರಸಿಂಹನು ಮಲ್ಲಿಕೆಗೆ ಹೇಳಿರುವ ಪರ್ಯಾಯಗಳಲ್ಲಿ ‘ಶೀತಭೀರು’ ಎಂಬುದೊಂದುಂಟು. ಚಳಿಗೆ ಅಂಜುವುದೆಂದು ಅರ್ಥ. ಕೋಶಕಾರನ ಈ ಮಾತು ಪುಸ್ತಕದ ಮಾತಷ್ಟೇ ಅಲ್ಲವೆಂಬುದನ್ನು ಚಳಿಗಾಲದಲ್ಲಿ ಮದುವೆಗೆ ಹೂ ಕೊಳ್ಳಹೋದ ಮಂಗಳೂರಿನವರೆಲ್ಲರೂ ಬಲ್ಲರು. ಆಗ ಬಳ್ಳಿಯಲ್ಲಿ ಮೊಗ್ಗು ವಿರಳ, ಪೇಟೆಯಲ್ಲಿ ಬೆಲೆ ದುಬಾರಿ.

ಇನ್ನು ಕಾವ್ಯಪ್ರಸ್ಥಾನ. ಅರವಿಂದ, ಅಶೋಕ, ಚೂತ, ನವಮಲ್ಲಿಕೆ, ನೀಲೋತ್ಪಲ ಎಂಬ ಐದು ಮನ್ಮಥನ ಬಾಣಗಳೆಂಬುದು ಪ್ರಸಿದ್ಧ. ಈ ಕಲ್ಪನೆಯಲ್ಲಿ ಹೂವು ಪುರುಷದೇವತೆಯ ಆಯುಧ. ಎದೆಯುಳ್ಳವರೆಲ್ಲರೂ ಅದಕ್ಕೆ ಗುರಿ. ಆದರೆ ಕಾಳಿದಾಸನು ಹೂವಿಗೆ ಇದಕ್ಕಿಂತ ಸೂಕ್ಷ್ಮವಾದ ಕೆಲಸವನ್ನು ಕೊಟ್ಟಿದ್ದಾನೆ. ರಘುವಂಶದ ಆರನೆಯ ಸರ್ಗದಲ್ಲಿ ಇಂದುಮತಿಯು ಸ್ವಯಂವರಮಂಟಪಕ್ಕೆ ಬರುವಾಗ ಅವಳ ಬಳಿ ಇರುವುದು ದೂರ್ವೆ ಸೇರಿಸಿದ ಇಪ್ಪೆಯ ಹೂವಿನ ಮಾಲೆ. ರಾಜರೆಲ್ಲರ ಪರಾಕ್ರಮವರ್ಣನೆಯನ್ನು ಕೇಳಿಯೂ ಅವಳು ಒಬ್ಬೊಬ್ಬರನ್ನೇ ದಾಟಿ ಹೋಗುತ್ತಾಳೆ. ಮಾಲೆ ಅಜನ ಕೊರಳಿಗೆ ಬಿದ್ದಾಗಲೇ ಸಮ್ಮತಿ ಸಿದ್ಧವಾಯಿತು. ಶಾಕುಂತಲದಲ್ಲಿ ಶಕುಂತಲೆಯು ‘ವನಜ್ಯೋತ್ಸ್ನೆ’ ಎಂದು ಹೆಸರಿಟ್ಟ ನವಮಲ್ಲಿಕೆಯು ಮಾವಿನ ಮರವನ್ನು ತಾನೇ ವರಿಸಿದ ವಧು. ಈ ಎರಡೆಡೆಗಳಲ್ಲಿಯೂ ಹೂವು ಬಾಣವಲ್ಲ. ಹೆಣ್ಣಿನ ವರಣಸ್ವಾತಂತ್ರ್ಯಕ್ಕೆ ಸಾಕ್ಷಿ.

ಮೇಘದೂತದಲ್ಲಿ ಇನ್ನೊಂದು ಮುಖ ಕಾಣುವುದು. ಅಲಕಾಪುರಿಯ ಸ್ತ್ರೀಯರು ಆರು ಋತುಗಳ ಹೂಗಳನ್ನೂ ಏಕಕಾಲದಲ್ಲಿ ಧರಿಸುವರು. ವಿರಹಿಣಿಯಾದ ಯಕ್ಷಪತ್ನಿಯಾದರೋ ಗಂಡನು ಅಗಲಿದ ಮೊದಲ ದಿನವೇ ಮಾಲೆಯನ್ನು ತೊರೆದು ಒಂಟಿಜಡೆಯಲ್ಲಿರುವಳು. ಹೊಸ್ತಿಲಿನ ಮೇಲಿಟ್ಟ ಹೂಗಳನ್ನು ನೆಲಕ್ಕಿಳಿಸಿ ಉಳಿದ ತಿಂಗಳುಗಳನ್ನು ಎಣಿಸುವಳು. ಮುಡಿಯಲ್ಲಿದ್ದ ಹೂವು ಹೊಸ್ತಿಲಿಗೆ ಬಂದಿದೆ. ಆದರೆ ಮನೆಯಿಂದ ಹೊರಗೆ ಹೋಗಿಲ್ಲ. ಪ್ರೋಷಿತಭರ್ತೃಕೆಗೆ ಶರೀರಸಂಸ್ಕಾರವನ್ನೂ ಉತ್ಸವದರ್ಶನವನ್ನೂ ಯಾಜ್ಞವಲ್ಕ್ಯಸ್ಮೃತಿಯು ನಿಷೇಧಿಸಿರುವುದಷ್ಟೆ? ಕವಿಯು ಆ ನಿಯಮವನ್ನು ಮೀರದೆಯೇ ಹೂವನ್ನು ಪುನಸ್ಸಮಾಗಮದ ಗಣನೆಗೆ ಉಪಯೋಗಿಸಿಕೊಂಡನು. ಆದರೂ ಈ ಸಂಪ್ರದಾಯದಲ್ಲಿ ಹೂವು ಪತಿಸನ್ನಿಧಿಯನ್ನು ಅವಲಂಬಿಸಿದೆ ಎಂಬುದನ್ನು ಒಪ್ಪಲೇಬೇಕು. ಇದೇ ತರ್ಕವನ್ನು ಕಟ್ಟಕಡೆಗೆ ಎಳೆದವರು ವಿಧವೆಯ ಮುಡಿಯಿಂದ ಹೂವನ್ನು ಜೀವಾವಧಿ ತೆಗೆದುಹಾಕಿದರು.

ಈಗ ನಮ್ಮ ಊರಿಗೆ ಬರೋಣ. ಕದ್ರಿಯ ಲೋಕೇಶ್ವರವಿಗ್ರಹದ ಪೀಠದಲ್ಲಿ ಕ್ರಿ. ಶ. ೯೬೮ರ ಸಂಸ್ಕೃತಶಾಸನವಿದೆ. ಅದರಲ್ಲಿ ಆಳುಪ ಕುಂದವರ್ಮನು ಶಿವನ ಪಾದಕಮಲದ ದುಂಬಿಯೆಂದು ಹೊಗಳಿಸಿಕೊಂಡಿದ್ದಾನೆ; ಕಾವ್ಯದ ಪುಷ್ಪಭಾಷೆ ಹತ್ತನೆಯ ಶತಮಾನದಲ್ಲಿಯೇ ಈ ಕರಾವಳಿಯಲ್ಲಿ ನೆಲೆಗೊಂಡಿತ್ತೆಂಬುದಕ್ಕೆ ಇಷ್ಟು ಸಾಕು. ೧೪೪೩ರಲ್ಲಿ ಪಾರಸೀಕ ರಾಯಭಾರಿ ಅಬ್ದುಲ್ ರಜಾಕನು ಮಂಗಳೂರಿನ ಮಾರ್ಗವಾಗಿಯೇ ಘಟ್ಟ ಹತ್ತಿ ವಿಜಯನಗರಕ್ಕೆ ಹೋದನು. ಅಲ್ಲಿಯ ಜನಕ್ಕೆ ಗುಲಾಬಿಯು ಅನ್ನದಷ್ಟೇ ಅವಶ್ಯವೆಂದು ಅವನು ಬೆರಗಿನಿಂದ ಬರೆದಿದ್ದಾನೆ. ರಾಜಧಾನಿಯ ಗುಲಾಬಿಯ ವೈಭವ ಅದರೊಡನೆಯೇ ಅಳಿಯಿತು. ಕರಾವಳಿಯ ಮಲ್ಲಿಗೆ ಮಾತ್ರ ಇಂದಿಗೂ ನಿತ್ಯಾವಶ್ಯಕವಾಗಿದೆ.

ಮಂಗಳೂರಿನ ಪೇಟೆಗೆ ಹೆಸರಾಂತ ಮಲ್ಲಿಗೆ ಬರುವುದು ಉಡುಪಿಯ ಬಳಿಯ ಶಂಕರಪುರ ಮತ್ತು ಸುತ್ತಣ ಗ್ರಾಮಗಳಿಂದ. ೧೯೯೭ರವರೆಗೆ ಆ ಪ್ರದೇಶವೂ ದಕ್ಷಿಣಕನ್ನಡ ಜಿಲ್ಲೆಗೆ ಸೇರಿತ್ತು. ಮನೆಯ ಹೆಂಗಸರು ನಸುಕಿನಲ್ಲಿ ಮೊಗ್ಗು ಬಿಡಿಸಿ ಬಾಳೆನಾರಿನಲ್ಲಿ ಕಟ್ಟುವರು. ಸುಮಾರು ೮೦೦ ಮೊಗ್ಗುಗಳ ಮಾಲೆಗೆ ಒಂದು ‘ಚೆಂಡು’, ನಾಲ್ಕು ಚೆಂಡಿಗೆ ಒಂದು ‘ಅಟ್ಟೆ’. ಎಂದರೆ ಅಟ್ಟೆಗೆ ೩೨೦೦ ಮೊಗ್ಗು. ಬೆಲೆ ದಿನದಿನಕ್ಕೂ ನಿರ್ಣಯವಾಗುವುದು. ಮದುವೆಯ ಮುಹೂರ್ತಗಳೂ ದೈವಗಳ ನೇಮಗಳೂ ಒಟ್ಟಾಗಿ ಬಂದ ದಿನಗಳಲ್ಲಿ ಅಟ್ಟೆಯೊಂದಕ್ಕೆ ಎರಡು ಸಾವಿರ ರೂಪಾಯಿ ಮುಟ್ಟಿದ್ದುಂಟು. ಬೆಳೆಯುವವರಲ್ಲಿ ಕ್ರೈಸ್ತ ಕುಟುಂಬಗಳು ಅನೇಕ. ಅವರು ಬೆಳೆದ ಹೂ ಕಟೀಲಿನ ದುರ್ಗೆಗೆ ಏರುವುದು, ದೈವದ ಮುಡಿಗೆ ಸಲ್ಲುವುದು, ಬ್ಯಾರಿಗಳ ಮದುಮಗಳ ಜಡೆಯನ್ನು ಮುಚ್ಚುವುದು, ಬಯಕೆಯ ದಿನ ಗರ್ಭಿಣಿಯ ತಲೆತುಂಬ ನಿಲ್ಲುವುದು. ಕ್ರೈಸ್ತರಲ್ಲಿಯೂ ಸೆಪ್ಟೆಂಬರ್ ೮ರ ಮೊಂತಿಹಬ್ಬಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ತಟ್ಟೆಗಳಲ್ಲಿ ಹೂ ತಂದು ಬಾಲಮೇರಿಗೆ ಅರ್ಪಿಸುವರು. ಮತಗಳು ಬೇರೆಯಾದರೂ ಹೂವಿನ ವ್ಯಾಕರಣ ಒಂದೇ: ಮೊದಲು ದೇವರಿಗೆ, ಅನಂತರ ಹೆಣ್ಣಿಗೆ.

ಈ ಕ್ರಮದ ಅಂತರಾರ್ಥವನ್ನು ಸಿರಿಯ ಪಾಡ್ದನವು ಬಿಡಿಸಿ ಹೇಳುವುದು. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದ ವಿದ್ವಾಂಸರೊಡನೆ ಸಂಗ್ರಹಿಸಿ ೧೯೯೮ರಲ್ಲಿ ಪ್ರಕಟಿಸಿದರು. ಅದು ಹದಿನೈದು ಸಾವಿರಕ್ಕೂ ಮಿಕ್ಕ ಸಾಲುಗಳ ಮಹಾಕಾವ್ಯ. ಪಾಠಭೇದಗಳಿದ್ದರೂ ಕಥೆಯ ತಿರುಳು ಇದು: ಸತ್ಯನಾಪುರದ ಮುದುಕ ಬೆರ್ಮಾಳ್ವನಿಗೆ ಸಂತಾನವಿಲ್ಲ. ಮೂಲದೈವವಾದ ಬೆರ್ಮೆರು ಅನುಗ್ರಹಿಸಿದ ಪಿಂಗಾರದ ಪ್ರಸಾದದಿಂದ ಸಿರಿ ಹುಟ್ಟುವಳು. ಬೆಳೆದ ಅವಳನ್ನು ಬಸರೂರಿನ ಕಾಂತು ಪೂಂಜನು ಮದುವೆಯಾಗುವನು. ಬಯಕೆಯ ಸಂಭ್ರಮಕ್ಕೆಂದು ಅವನು ಕೊಂಡ ಸೀರೆಯನ್ನು ಅವನ ಗಣಿಕೆಯೊಬ್ಬಳು ಮೊದಲು ಉಟ್ಟಿರುವಳು. ಇದನ್ನರಿತ ಸಿರಿ ಸೀರೆಯನ್ನು ನಿರಾಕರಿಸುವಳು. ತಂದೆಯ ಮರಣಾನಂತರ ಅರಮನೆಯ ಹಕ್ಕಿಗೂ ಗಂಡನು ಅಡ್ಡಬಂದಾಗ ಅವಳು ಅವನ ಸಂಬಂಧವನ್ನೇ ಬಿಟ್ಟು ಹೊರಡುವಳು. ಮುಂದೆ ಕೊಡ್ಸರಾಳ್ವನನ್ನು ವರಿಸುವಳು. ಕವತ್ತಾರು, ನಂದಳಿಕೆ, ಹಿರಿಯಡಕ ಮೊದಲಾದೆಡೆ ಸಿರಿಜಾತ್ರೆಯ ರಾತ್ರಿಯಲ್ಲಿ ಆವೇಶಗೊಂಡ ಹೆಂಗಸರು ಇಂದಿಗೂ ಕೈಯಲ್ಲಿ ಪಿಂಗಾರವನ್ನು ಹಿಡಿದು ತಮ್ಮ ಹೆಸರನ್ನೂ ನೋವನ್ನೂ ನುಡಿಯುವರು.

ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ಸಿರಿ ಸೀರೆಯನ್ನು ಒಲ್ಲೆನೆಂದಳು, ಗಂಡನನ್ನು ಬಿಟ್ಟಳು; ಪಿಂಗಾರ ಮಾತ್ರ ಅವಳನ್ನು ಬಿಡಲಿಲ್ಲ. ಸೀರೆ ಗಂಡನು ತಂದುದು. ಅದರಲ್ಲಿ ವಂಚನೆ ಸಾಧ್ಯ. ಹೂವು ಹುಟ್ಟಿನೊಡನೆ ಬಂದುದು, ಗಂಡನಿಗಿಂತ ಮೊದಲಿನದು. ಅಳಿಯಸಂತಾನ ಕಟ್ಟಿನ ಕುಟುಂಬಗಳಲ್ಲಿ ಸ್ತ್ರೀಗೆ ಪುನರ್ವಿವಾಹ ಸಮ್ಮತವಾಗಿತ್ತೆಂಬುದನ್ನು ನೆನೆದರೆ ಈ ಕಲ್ಪನೆಯು ಆ ನಾಡಿನಲ್ಲಿಯೇ ಹುಟ್ಟಿದುದು ಆಶ್ಚರ್ಯವಲ್ಲ.

ಇಲ್ಲೊಂದು ಪೂರ್ವಪಕ್ಷ ಏಳಬಹುದು: ಪಿಂಗಾರವು ದೈವದ ಪ್ರಸಾದ, ಕೈಯಲ್ಲಿ ಹಿಡಿಯತಕ್ಕುದು, ಮಲ್ಲಿಗೆಯು ಶೃಂಗಾರದ ಹೂ, ಮುಡಿಯತಕ್ಕುದು, ಒಂದರ ಅರ್ಥವನ್ನು ಇನ್ನೊಂದಕ್ಕೆ ಹೊರಿಸುವುದು ಯುಕ್ತವೆ? ಸಮಾಧಾನವಿಷ್ಟು. ಗುಡಿಯಲ್ಲಿ ದೇವಿಗೆ ಏರಿಸಿದ ಮಲ್ಲಿಗೆಯೇ ಪ್ರಸಾದವಾಗಿ ಹಿಂದಿರುಗಿ ಹೆಣ್ಣಿನ ಮುಡಿಗೆ ಬರುವುದು. ಆದುದರಿಂದ ಪ್ರಸಾದ ಬೇರೆ, ಮುಡಿಯ ಹೂ ಬೇರೆ ಎಂಬ ವಿಭಾಗ ನಿಲ್ಲಲಾರದು. ಮೇಲಾಗಿ, ಹೆಣ್ಣುಮಗುವಿಗೆ ಜಡೆ ಹಾಕುವಷ್ಟು ಕೂದಲು ಬಂದೊಡನೆ ತಾಯಿಯೋ ಅಜ್ಜಿಯೋ ಹೂ ಮುಡಿಸುವಳು. ಆಗ ಗಂಡನ ಮಾತೆಲ್ಲಿ? ತಾಳಿಯು ವಿವಾಹದಲ್ಲಿ ಬರುವುದು; ಹೂವು ತೊಟ್ಟಿಲ ಕಾಲದಿಂದಲೇ ಬರುವುದು. ವಿವಾಹದಿಂದ ಬಾರದ ವಸ್ತುವನ್ನು ವಿವಾಹದ ಅಂತ್ಯದಲ್ಲಿ ಕಳೆಯಬೇಕೆಂಬುದು ನ್ಯಾಯಶಾಸ್ತ್ರದ ರೀತಿಯಿಂದ ನೋಡಿದರೂ ಹೇತುವಿಲ್ಲದ ಪ್ರತಿಜ್ಞೆ. ವಿಧವೆಯರು ಹೂ ಮುಡಿಯುವುದನ್ನು ಈಗ ಹಲವು ಮನೆಗಳಲ್ಲಿ ಒಪ್ಪಿದ್ದಾರೆ; ಒಪ್ಪದ ಮನೆಗಳೂ ಇವೆ. ಒಪ್ಪದವರು ಸಂಪ್ರದಾಯವನ್ನು ಮುಂದಿಡುವರು. ಅದಕ್ಕಿಂತ ಹಳೆಯ ಸಂಪ್ರದಾಯವು ಮನೆಯ ತೊಟ್ಟಿಲಿನ ಬಳಿಯಲ್ಲಿಯೇ ಇದೆಯೆಂಬುದನ್ನು ಅವರು ಆಲೋಚಿಸಬೇಕು.

ಒಟ್ಟಿನಲ್ಲಿ ಹೂವಿಗೆ ಮೂರು ಅರ್ಥಗಳು ಸಿದ್ಧವಾದುವು: ಕಾಮನ ಬಾಣ, ವರಣದ ಸಾಕ್ಷಿ, ಜನ್ಮದ ಪ್ರಸಾದ. ಕೆ. ಎಸ್. ನರಸಿಂಹಸ್ವಾಮಿಯವರು ೧೯೪೨ರ ತಮ್ಮ ದಾಂಪತ್ಯಗೀತೆಗಳ ಸಂಕಲನಕ್ಕೆ ‘ಮೈಸೂರು ಮಲ್ಲಿಗೆ’ ಎಂದು ಹೆಸರಿಟ್ಟಾಗ ಮೊದಲನೆಯ ಅರ್ಥ ಹಿಂದೆ ಸರಿದು, ಗೃಹದ ಒಲವು ಮುಂದೆ ಬಂದಿತು. ಕಾವ್ಯದಲ್ಲಿ ಹೂವು ಬಂದೆಡೆಗಳಲ್ಲಿ ಅಧ್ಯಾಪಕರು ‘ಉದ್ದೀಪನವಿಭಾವ’ ಎಂದು ಹೇಳಿ ನಿಲ್ಲದೆ, ಅದನ್ನು ಕೊಟ್ಟವರು ಯಾರು, ಮುಡಿದವರು ಯಾರು, ತೆಗೆದವರು ಯಾರು ಎಂದು ವಿದ್ಯಾರ್ಥಿಗಳನ್ನು ಕೇಳುವುದಾದರೆ ಪಾಠವು ಹೆಚ್ಚು ಸಾರ್ಥಕವಾಗುವುದು.