ಸ್ವೀಕಾರವನ್ನು ಒರೆಗೆ ಹಚ್ಚಿದವರು

1940ರ ದಶಕದ ಆರಂಭದಲ್ಲಿ ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ರೋಜರ್ಸ್ ಮತ್ತು ಅವರ ವಿದ್ಯಾರ್ಥಿಗಳು ಆಪ್ತಸಮಾಲೋಚನೆಯ ಕೋಣೆಯಲ್ಲಿ ಮೈಕ್ ಇಟ್ಟರು. ಟೇಪ್ ರೆಕಾರ್ಡರ್ ಇನ್ನೂ ಬಳಕೆಗೆ ಬಂದಿರಲಿಲ್ಲ. ಮಾತನ್ನು ಗ್ರಾಮಫೋನ್ ತಟ್ಟೆಯ ಮೇಲೆ ಕೊರೆಯಬೇಕಿತ್ತು. ತಟ್ಟೆಯ ಒಂದು ಮಗ್ಗುಲು ಮೂರು ನಿಮಿಷದಷ್ಟರಲ್ಲಿ ತುಂಬಿಹೋಗುತ್ತಿದ್ದುದರಿಂದ, ಎರಡು ಯಂತ್ರಗಳನ್ನು ಒಂದಾದ ಮೇಲೊಂದರಂತೆ ಓಡಿಸುತ್ತಿದ್ದರು. ಹೀಗೆ ಸಿಕ್ಕ ಮಾತುಕತೆಯನ್ನು ಅಕ್ಷರಕ್ಕಿಳಿಸಿ, ನೆರವು ಕೋರಿ ಬಂದ ಒಬ್ಬನ ಹೆಸರು ಮರೆಸಿ, ಎಂಟೂ ಭೇಟಿಗಳನ್ನು ರೋಜರ್ಸ್ 1942ರ ತಮ್ಮ ಪುಸ್ತಕದಲ್ಲಿ ಆದ್ಯಂತ ಅಚ್ಚು ಹಾಕಿಸಿದರು. ಅದುವರೆಗೆ ಮಾನಸಿಕ ಚಿಕಿತ್ಸೆ ಮುಚ್ಚಿದ ಬಾಗಿಲ ಹಿಂದಿನ ಕಸುಬು. ಒಳಗೆ ನಡೆದದ್ದಕ್ಕೆ ಚಿಕಿತ್ಸಕರ ನೆನಪು, ಅವರು ಬರೆದಿಟ್ಟ ಟಿಪ್ಪಣಿಗಳೇ ಬಹುಪಾಲು ಆಧಾರ. ತನ್ನನ್ನು ತಾನು ಒಪ್ಪಿಕೊಳ್ಳಬೇಕು ಎಂಬ ಮಾತನ್ನು ಇಂದು ನಾವು ಹಿತೋಪದೇಶದಂತೆ ಕೇಳುತ್ತೇವೆ. ಆದರೆ ಮಾನವತಾವಾದಿ ಮನೋವಿಜ್ಞಾನದಲ್ಲಿ ಆ ವಿಚಾರಕ್ಕೆ ಬಲ ಬಂದದ್ದು ಉಪದೇಶದಿಂದಲ್ಲ, ತಮ್ಮ ಕೆಲಸವನ್ನು ಪರರ ಪರೀಕ್ಷೆಗೆ ತೆರೆದಿಟ್ಟ ಈ ಪದ್ಧತಿಯಿಂದ ಎಂಬುದು ನನ್ನ ವಾದ.

ಇದಕ್ಕೆ ಮೊದಲ ಸಾಕ್ಷಿ ಸ್ವತಃ ರೋಜರ್ಸ್. ಪಾದ್ರಿಯಾಗಲೆಂದು ನ್ಯೂಯಾರ್ಕಿನ ಧರ್ಮಶಾಸ್ತ್ರ ವಿದ್ಯಾಲಯ ಸೇರಿದ್ದ ಅವರು ಅದನ್ನು ಬಿಟ್ಟು ಮನೋವಿಜ್ಞಾನಕ್ಕೆ ಬಂದವರು. ರಾಚೆಸ್ಟರ್ ನಗರದಲ್ಲಿ ತೊಂದರೆಗೊಳಗಾದ ಮಕ್ಕಳ ನಡುವೆ ಹನ್ನೆರಡು ವರ್ಷ ದುಡಿದವರು. ಹೊರಗೆ ಕಾಣುವ ನಡವಳಿಕೆಯನ್ನಷ್ಟೇ ಅಳೆಯುವ ವರ್ತನಾವಾದ ಆಳುತ್ತಿದ್ದ ಆ ಕಾಲದಲ್ಲಿ, 'ಸ್ವ' ಎಂಬುದು ಅಸ್ಪಷ್ಟವಾದ, ವಿಜ್ಞಾನಕ್ಕೆ ನಿಲುಕದ ಮಾತೆಂದೇ ತಾವೂ ಆರಂಭದಲ್ಲಿ ನಂಬಿದ್ದಾಗಿ ಮುಂದೆ ಅವರು ಬರೆದುಕೊಂಡರು. ಅವರ ನಂಬಿಕೆ ಸಡಿಲಿಸಿದ್ದು ಯಾವ ತತ್ತ್ವಶಾಸ್ತ್ರವೂ ಅಲ್ಲ. ತಮ್ಮ ಪಾಡಿಗೆ ಮಾತಾಡಲು ಬಿಟ್ಟರೆ ಬಂದವರೆಲ್ಲ ಮತ್ತೆ ಮತ್ತೆ 'ನಾನು ಎಂಥವನು' ಎಂಬಲ್ಲಿಗೇ ಮರಳುತ್ತಿದ್ದರು. ಅವರ ವಿದ್ಯಾರ್ಥಿ ವಿಕ್ಟರ್ ರೈಮಿ 1943ರ ಸಂಶೋಧನ ಪ್ರಬಂಧದಲ್ಲಿ, ಜನ ತಮ್ಮ ಬಗ್ಗೆ ಆಡಿದ ಮಾತುಗಳನ್ನು ಒಪ್ಪಿಗೆ, ತೆಗಳಿಕೆ, ಎರಡರ ನಡುವಿನವು ಎಂದು ವಿಂಗಡಿಸಿದರು. ಫಲ ಕಂಡ ಪ್ರಕರಣಗಳಲ್ಲಿ ಮೊದಲು ತೆಗಳಿಕೆಯೇ ಹೆಚ್ಚಾಗಿದ್ದು, ಕೊನೆಗೆ ಒಪ್ಪಿಗೆ ಮೇಲುಗೈ ಪಡೆದಿತ್ತು. 1949ರಲ್ಲಿ ಎಲಿಜಬೆತ್ ಶೀರರ್, ತನ್ನನ್ನು ಒಪ್ಪಿಕೊಳ್ಳುವುದಕ್ಕೂ ಇತರರನ್ನು ಒಪ್ಪಿಕೊಳ್ಳುವುದಕ್ಕೂ ನಂಟಿದೆಯೆಂದು ಇಂಥದೇ ದಾಖಲೆಗಳಿಂದ ತೋರಿಸಿದರು. ಸ್ವೀಕಾರವೆಂದರೆ ಸ್ವಾರ್ಥಕ್ಕೆ ಪರವಾನಗಿ ಎಂಬ ಆಕ್ಷೇಪಕ್ಕೆ ಇಷ್ಟು ಹಿಂದೆಯೇ ಒಂದು ಉತ್ತರ ಸಿಕ್ಕಿತ್ತು.

1945ರಲ್ಲಿ ರೋಜರ್ಸ್ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಹೋಗಿ ಸಮಾಲೋಚನಾ ಕೇಂದ್ರ ಕಟ್ಟಿದ ಮೇಲೆ ಅಳತೆ ಇನ್ನಷ್ಟು ಬಿಗಿಯಾಯಿತು. ವಿಲಿಯಂ ಸ್ಟೀಫನ್‌ಸನ್ ರೂಪಿಸಿದ ವಿಧಾನವೊಂದನ್ನು ಕೇಂದ್ರದ ಜಾನ್ ಬಟ್ಲರ್ ಮತ್ತು ಜೆರಾರ್ಡ್ ಹೈ ಬಳಸಿಕೊಂಡರು. ದುಡಿಮೆ, ಅಂಜಿಕೆ, ಇತರರಿಗೆ ಇಷ್ಟವಾಗುವ ಗುಣ ಮುಂತಾದವನ್ನು ಕುರಿತ ನೂರು ಹೇಳಿಕೆಗಳನ್ನು ನೂರು ಚೀಟಿಗಳಲ್ಲಿ ಬರೆದುಕೊಟ್ಟು, 'ನನಗೆ ಕೊಂಚವೂ ಒಪ್ಪದ್ದು' ಎಂಬಲ್ಲಿಂದ 'ನನಗೆ ಪೂರ್ತಿ ಒಪ್ಪುವುದು' ಎಂಬವರೆಗೆ ಒಂಬತ್ತು ಗುಡ್ಡೆಗಳಾಗಿ ಹಂಚಲು ಹೇಳುತ್ತಿದ್ದರು. ಎರಡೂ ತುದಿಗಳಲ್ಲಿ ಒಂದೊಂದೇ ಚೀಟಿ, ನಟ್ಟನಡುವೆ ಇಪ್ಪತ್ತಾರು. ಎಲ್ಲವೂ ಒಳ್ಳೆಯದೇ ಎಂದು ಜಾರಿಕೊಳ್ಳುವಂತಿರಲಿಲ್ಲ. ಒಮ್ಮೆ ತಾನು ಇರುವಂತೆ, ಇನ್ನೊಮ್ಮೆ ತಾನು ಇರಬಯಸುವಂತೆ ಹಂಚಿದರೆ, ಎರಡರ ಹೊಂದಾಣಿಕೆಯನ್ನು ಲೆಕ್ಕಹಾಕಬಹುದು. ನೆರವು ಕೋರಿ ಬಂದ 25 ಮಂದಿಯಲ್ಲಿ ಈ ಹೊಂದಾಣಿಕೆಯ ಸರಾಸರಿ ಮೊದಲಿಗೆ ಹೆಚ್ಚುಕಡಿಮೆ ಸೊನ್ನೆ. ಸಮಾಲೋಚನೆ ಮುಗಿದಾಗ 0.34. ನೆರವು ಕೋರದೆ ಹೋಲಿಕೆಗಾಗಿ ಮಾತ್ರ ಚೀಟಿ ಹಂಚಿದ 16 ಮಂದಿಯಲ್ಲಿ ಅದು 0.58ರಿಂದ 0.59, ಅಂದರೆ ಇದ್ದಲ್ಲೇ ಇತ್ತು. 1954ರಲ್ಲಿ ರೋಜರ್ಸ್ ಮತ್ತು ರೊಸಲಿಂಡ್ ಡೈಮಂಡ್ ಸಂಪಾದಿಸಿದ ಗ್ರಂಥದಲ್ಲಿ ಇವೆಲ್ಲ ಪ್ರಕಟವಾದವು. ಬಂದವರು ಏನೇ ಹೇಳಿದರೂ ಚಿಕಿತ್ಸಕರು ತೋರಬೇಕಾದ ಷರತ್ತಿಲ್ಲದ ಆದರ ಎಂಬ ಪ್ರಸಿದ್ಧ ಪರಿಕಲ್ಪನೆ ಸಹ ಅದೇ ವರ್ಷ ಷಿಕಾಗೊದ ವಿದ್ಯಾರ್ಥಿ ಸ್ಟಾನ್ಲಿ ಸ್ಟಾಂಡಲ್ ಅವರ ಪ್ರಬಂಧದಿಂದ ಬಂದದ್ದು. ಗುರು ಅದನ್ನು ಶಿಷ್ಯನಿಂದ ಪಡೆದರು.

ಚೀಟಿ ಹಂಚಿದ ಮಾತ್ರಕ್ಕೆ ಮನಸ್ಸು ಬದಲಾಯಿತೆಂದು ಹೇಗೆ ನಂಬುವುದು, ತಮಗೆ ಉಪಕಾರ ಮಾಡಿದವರನ್ನು ಮೆಚ್ಚಿಸಲು ಜನ ಹಾಗೆ ಜೋಡಿಸಿರಬಾರದೇಕೆ ಎಂದು ಕೇಳಬಹುದು. ಹೋಲಿಕೆಯ ಗುಂಪು ಮೊದಲೇ ನೆಮ್ಮದಿಯಾಗಿದ್ದವರದ್ದು ಎಂಬುದೂ ನ್ಯಾಯವಾದ ಆಕ್ಷೇಪ. ಇದನ್ನು ಊಹಿಸಿದ್ದರಿಂದಲೇ ಬಂದವರಲ್ಲಿ ಕೆಲವರನ್ನು ಸಮಾಲೋಚನೆಗೆ ಮುನ್ನ 60 ದಿನ ಕಾಯಿಸಲಾಗಿತ್ತು. ಬರೀ ಕಾದದ್ದರಿಂದ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಇನ್ನೂ ಗಟ್ಟಿಯಾದ ಪ್ರಶ್ನೆಯೆತ್ತಿದವರು ಚಾರ್ಲ್ಸ್ ಟ್ರೂಯಾಕ್ಸ್. ರೋಜರ್ಸ್ ನಡೆಸಿದ ಒಂದು ದೀರ್ಘ ಚಿಕಿತ್ಸೆಯ ದಾಖಲೆಯನ್ನೇ ಹಿಡಿದು, ಅವರ ಆದರ ಎಲ್ಲ ಮಾತಿಗೂ ಸಮನಾಗಿ ದೊರೆಯುತ್ತಿರಲಿಲ್ಲ, ಕೆಲವು ಬಗೆಯ ಮಾತಿಗೆ ಹೆಚ್ಚು ಸಿಗುತ್ತಿತ್ತು ಎಂದು 1966ರಲ್ಲಿ ತೋರಿಸಿದರು. ಷರತ್ತಿಲ್ಲದ್ದು ಎನ್ನುವುದರೊಳಗೇ ಷರತ್ತು ನುಸುಳಿತ್ತು. ವಿಸ್ಕಾನ್ಸಿನ್‌ನ ಮೆಂಡೋಟ ಆಸ್ಪತ್ರೆಯಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳೊಡನೆ ರೋಜರ್ಸರ ತಂಡ ನಡೆಸಿದ ದೊಡ್ಡ ಪ್ರಯೋಗದ ವರದಿ 1967ರಲ್ಲಿ ಹೊರಬಂದಾಗ, ಒಟ್ಟಾರೆ ಫಲಿತಾಂಶ ನಿರೀಕ್ಷೆ ಮುಟ್ಟಿರಲಿಲ್ಲ. 1957ರಲ್ಲಿ ಮಿಶಿಗನ್‌ನ ವೇದಿಕೆಯೊಂದರಲ್ಲಿ ತತ್ತ್ವಚಿಂತಕ ಮಾರ್ಟಿನ್ ಬೂಬರ್ ರೋಜರ್ಸರೆದುರೇ ವಾದಿಸಿದ್ದು ಇನ್ನೊಂದು ಬಗೆಯದು: ಮನುಷ್ಯನನ್ನು ಇರುವಂತೆ ಒಪ್ಪಿದರಷ್ಟೇ ಸಾಲದು, ಅವನು ಆಗಬಲ್ಲದ್ದನ್ನೂ ಕಂಡು ಎತ್ತಿಹಿಡಿಯಬೇಕು.

ಈ ಪೆಟ್ಟುಗಳಿಂದ ಸಿದ್ಧಾಂತ ಕುಗ್ಗಿತೆಂಬುದು ನಿಜ. ಮನಸ್ಸು ಬದಲಾಗಲು ಸ್ವೀಕಾರ, ಅನುಭೂತಿ, ಪ್ರಾಮಾಣಿಕತೆಗಳಿರುವ ಸಂಬಂಧವೊಂದೇ ಸಾಕು ಎಂಬ ರೋಜರ್ಸರ 1957ರ ದಿಟ್ಟ ಹೇಳಿಕೆಯನ್ನು ಆ ರೂಪದಲ್ಲೇ ಉಳಿಸಿಕೊಳ್ಳುವುದು ಕಷ್ಟ. ಆದರೆ ಟ್ರೂಯಾಕ್ಸ್ ಹೊರಗಿನವರಲ್ಲ, ವಿಸ್ಕಾನ್ಸಿನ್ ಪ್ರಯೋಗದಲ್ಲಿ ರೋಜರ್ಸರ ಜೊತೆಗೆ ದುಡಿದವರು. ಅವರ ಕೈಗೆ ಸಿಕ್ಕ ಆಯುಧ ರೋಜರ್ಸರೇ ಕೊಟ್ಟ ಧ್ವನಿಮುದ್ರಣ. ಬೂಬರ್ ಜೊತೆಗಿನ ಸಂವಾದ ಸಹ ಧ್ವನಿಮುದ್ರಿತವಾದದ್ದರಿಂದಲೇ ನಮಗೆ ಓದಲು ಸಿಗುತ್ತದೆ. ತನ್ನ ತಪ್ಪನ್ನು ಹುಡುಕಲು ಬೇಕಾದ ಸಾಮಗ್ರಿಯನ್ನು ತಾನೇ ಒದಗಿಸುವ ಕಸುಬು ನಂಬಿಕೆಗೆ ಅರ್ಹ. ಇಂದು ಸ್ವೀಕಾರದ ಮಾತು ಶಿಬಿರಗಳಲ್ಲಿ, ವಿಡಿಯೊಗಳಲ್ಲಿ ಧಾರಾಳವಾಗಿ ಮಾರಾಟವಾಗುತ್ತಿದೆ. ಅದರ ಹಿಂದಿದ್ದ ತಟ್ಟೆ, ಚೀಟಿ, ಲೆಕ್ಕಗಳು ಮರೆಯಾಗಿವೆ. ಆ ಮಾತನ್ನು ಆಡುವವರನ್ನು ನಾವು ಕೇಳಬೇಕಾದದ್ದು ಇಷ್ಟೇ: ನಿಮ್ಮಿಂದ ಯಾರಿಗೆ, ಎಷ್ಟು ಒಳ್ಳೆಯದಾಯಿತು, ಅದನ್ನು ಪರೀಕ್ಷಿಸಿದವರು ಯಾರು? ಎಂಬತ್ತು ವರ್ಷಗಳ ಹಿಂದೆ ರೋಜರ್ಸ್ ಈ ಪ್ರಶ್ನೆಗೆ ಹೆದರಲಿಲ್ಲ. ಅವರ ಹೆಸರು ಹೇಳುವವರೂ ಹೆದರಬಾರದು.